ಹತ್ತು ಜನ ನಲವತ್ತಾದಾಗ: ನಿಮ್ಮ ಕಾರ್ಖಾನೆಗೆ ಯಾವ ರಚನೆ, ಎಂಥ ಸಂಸ್ಕೃತಿ?

“ಹತ್ತು ಜನ ಇದ್ದಾಗ ಎಲ್ಲ ಸಲೀಸಾಗಿ ನಡೀತಿತ್ತು. ಈಗ ನಲವತ್ತು ಜನ ಇದ್ದಾರೆ, ಆರ್ಡರ್‌ಗೂ ಕೊರತೆ ಇಲ್ಲ. ಆದ್ರೆ ಒಂದು ಕೆಲಸಾನೂ ಹೇಳಿದ ದಿನಕ್ಕೆ ಮುಗಿಯಲ್ಲ. ಮ್ಯಾನೇಜರ್ ಇಡೋದಾ, ಡಿಪಾರ್ಟ್‌ಮೆಂಟ್ ಮಾಡೋದಾ, ಇಲ್ಲ ಟೀಮ್ ಟೀಮ್ ಮಾಡಿ ಬಿಟ್ಟುಬಿಡೋದಾ?” ಪೀಣ್ಯದ ಮಷೀನ್ ಶಾಪ್ ಇರಲಿ, ಬೆಳಗಾವಿಯ ಫೌಂಡ್ರಿ ಇರಲಿ, ಮೈಸೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ ಇರಲಿ, ಬೆಳೆಯುತ್ತಿರುವ ಪ್ರತಿ ಉದ್ಯಮಕ್ಕೂ ಒಂದು ಹಂತದಲ್ಲಿ ಈ ಪ್ರಶ್ನೆ ಎದುರಾಗುತ್ತದೆ. ಉತ್ತರ ಎಲ್ಲರಿಗೂ ಒಂದೇ ಅಲ್ಲ. ಕೆಲಸ ಎಂಥದ್ದು, ಕೈಯಲ್ಲಿ ಎಷ್ಟು ಹಣವಿದೆ, ಎಂಥ ಜನ ಸಿಕ್ಕಿದ್ದಾರೆ ಎನ್ನುವುದರ ಮೇಲೆ ಅದು ಬದಲಾಗುತ್ತದೆ.

ಹತ್ತು ಜನರಿಂದ ನಲವತ್ತಕ್ಕೆ ಹೋದಾಗ ಏಕೆ ತಪ್ಪುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. 10 ಜನರ ನಡುವೆ ಇಬ್ಬಿಬ್ಬರ ಜೋಡಿಗಳು 45. 40 ಜನರಾದರೆ ಅದು 780. ಹತ್ತು ಜನರಲ್ಲಿ ಒಬ್ಬರು ಚಹಾ ಹೊತ್ತಿನಲ್ಲಿ ಹೇಳಿದ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ನಲವತ್ತರಲ್ಲಿ ಹಾಗಾಗುವುದಿಲ್ಲ. ಯಾರಿಗೆ ಯಾವ ಮಾತು ತಲುಪಬೇಕು, ಯಾವ ತೀರ್ಮಾನ ಯಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಹೀಗೆ ಗೊತ್ತುಮಾಡಿದ್ದೇ ರಚನೆ. ಯಾರೂ ನೋಡದಿದ್ದಾಗ ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೋ ಅದು ಸಂಸ್ಕೃತಿ. ಇವೆರಡನ್ನು ಬೇರೆ ಬೇರೆಯಾಗಿ ಕೊಂಡುಕೊಳ್ಳಲು ಆಗುವುದಿಲ್ಲ. ಯಾವ ರಚನೆ ಆರಿಸುತ್ತೀರೋ ಅದು ಕೆಲವು ನಡವಳಿಕೆಗಳನ್ನು ಸುಲಭ ಮಾಡುತ್ತದೆ, ಕೆಲವನ್ನು ಕಷ್ಟ ಮಾಡುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಒಂದು ಸಂದರ್ಭವನ್ನು ಎಲ್ಲ ಆಯ್ಕೆಗಳಿಗೂ ಒರೆಗಲ್ಲಾಗಿ ಇಟ್ಟುಕೊಳ್ಳೋಣ. ರಾತ್ರಿ ಪಾಳಿ, 11 ಗಂಟೆ. ಸಿಎನ್‌ಸಿ ಲೇತ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಕಡೆಯುವ ಮಷೀನ್‌ನಲ್ಲಿ, 200 ಶಾಫ್ಟ್‌ಗಳ (ಉರುಟು ದಂಡಗಳ) ಲಾಟ್ ಓಡುತ್ತಿದೆ. ಡ್ರಾಯಿಂಗ್‌ನಲ್ಲಿ ವ್ಯಾಸ 25 ಮಿ.ಮೀ., ಟಾಲರೆನ್ಸ್ (ಅಳತೆ ಸರಿಯಬಹುದಾದ ಮಿತಿ) ಮೇಲೆ ಸೊನ್ನೆ, ಕೆಳಗೆ 13 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ. ಆಪರೇಟರ್ ಮೈಕ್ರೋಮೀಟರ್ ಹಿಡಿದು ನೋಡಿದರೆ 25.004. ಇನ್ಸರ್ಟ್ (ಲೋಹ ಕತ್ತರಿಸುವ ಬದಲಿಸಬಹುದಾದ ತುದಿ) ಸವೆದಿದೆ, ಅದಕ್ಕೇ ವ್ಯಾಸ ಮೆಲ್ಲಗೆ ಏರುತ್ತಿದೆ. ಆಫ್‌ಸೆಟ್‌ನಲ್ಲಿ (ಮಷೀನ್‌ಗೆ ಕೊಡುವ ಅಳತೆಯ ತಿದ್ದುಪಡಿಯಲ್ಲಿ) 10 ಮೈಕ್ರಾನ್ ಇಳಿಸಿದರೆ ಮುಂದಿನ ಪೀಸು ಸರಿಯಾಗಿ ನಡುವೆ ಬಂದು ಕೂರುತ್ತದೆ. ಇಲ್ಲವೇ ಇನ್ಸರ್ಟ್‌ನ ಮೂಲೆ ತಿರುಗಿಸಬೇಕು. ಎರಡಕ್ಕೂ ಐದು ನಿಮಿಷ ಸಾಕು. ಆದರೆ ಆತ ಅದನ್ನು ಮಾಡುತ್ತಾನೋ, ಯಾರಿಗಾದರೂ ಫೋನ್ ಮಾಡುತ್ತಾನೋ, ಏನೂ ಕಾಣದವನಂತೆ ಬೆಳಗಿನವರೆಗೆ ಓಡಿಸುತ್ತಾನೋ?

ಮೊದಲು ಅಳತೆಗೋಲುಗಳು

ಐದು ವಿಷಯ ನೋಡಿ. ಮೊದಲನೆಯದು, ತೀರ್ಮಾನಕ್ಕಾಗಿ ಕಾಯುವ ಹೊತ್ತು: ಪ್ರಶ್ನೆ ಎದ್ದ ಗಳಿಗೆಯಿಂದ ಉತ್ತರ ಸಿಗುವವರೆಗೆ ಎಷ್ಟು ನಿಮಿಷ. ಎರಡನೆಯದು, ಕೆಟ್ಟ ಸುದ್ದಿ ಮೇಲೆ ಬರುವ ವೇಗ: ತಪ್ಪು ಮೊದಲು ಕಂಡವರು ಅದನ್ನು ಹೇಳುತ್ತಾರೋ ಮುಚ್ಚಿಡುತ್ತಾರೋ. ಮೂರನೆಯದು, ಒಬ್ಬರು ರಜೆ ಹಾಕಿದರೆ ಕೆಲಸ ನಿಲ್ಲುತ್ತದೆಯೇ. ನಾಲ್ಕನೆಯದು, ಕಲಿಕೆ: ಹೆಲ್ಪರ್ ಆಗಿ ಸೇರಿದವನು ಮೂರು ವರ್ಷದಲ್ಲಿ ಸೆಟ್ಟರ್ (ಮಷೀನ್‌ಗೆ ಟೂಲ್, ಅಳತೆ ಹೊಂದಿಸುವವನು) ಆಗುವ ದಾರಿ ಕಣ್ಣಿಗೆ ಕಾಣುತ್ತದೆಯೇ. ಕೊನೆಯದು ಖರ್ಚು: ನೇರವಾಗಿ ಉತ್ಪಾದನೆ ಮಾಡದವರ ಸಂಬಳ, ಎರಡೆರಡು ಕೊಳ್ಳಬೇಕಾದ ಸಲಕರಣೆ, ಮೀಟಿಂಗ್‌ಗೆ ಹೋಗುವ ಹೊತ್ತು.

ಹೆಚ್ಚಿನವರು ಕೊನೆಯದನ್ನು ಮಾತ್ರ ಲೆಕ್ಕ ಹಾಕುತ್ತಾರೆ, ಏಕೆಂದರೆ ಅದೊಂದೇ ಸಂಬಳದ ಪಟ್ಟಿಯಲ್ಲಿ ಕಾಣುತ್ತದೆ. ಮೊದಲನೆಯದನ್ನೂ ರೂಪಾಯಿಗೆ ತಂದು ನೋಡಿ. ಆರು ಮಷೀನ್‌ಗಳು ದಿನಕ್ಕೆ ತಲಾ 40 ನಿಮಿಷ “ಸಾರ್ ಬರಲಿ” ಎಂದು ನಿಂತರೆ ಒಟ್ಟು 4 ಗಂಟೆ. ನಿಮ್ಮ ಮಷೀನ್ ಅವರ್ ರೇಟ್ (ಒಂದು ಮಷೀನ್‌ನ ಒಂದು ಗಂಟೆಯ ಬೆಲೆ) 500 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 2,000, 25 ದಿನಕ್ಕೆ 50,000 ರೂಪಾಯಿ. ಈ ಹಣ ಯಾವ ಪುಸ್ತಕದಲ್ಲೂ ನಮೂದಾಗುವುದಿಲ್ಲ, ಆದರೂ ಪ್ರತಿ ತಿಂಗಳು ಹೋಗುತ್ತಲೇ ಇರುತ್ತದೆ.

ಆಯ್ಕೆ ಮಾಡುವ ಮುನ್ನ ಎರಡು ವಾರ ಒಂದು ಕೆಲಸ ಮಾಡಿ. ಪ್ರತಿ ಪಾಳಿಗೂ ಒಂದು 100 ಪುಟದ ನೋಟ್‌ಬುಕ್ ಕೊಡಿ. ನಾಲ್ಕು ಗೆರೆ ಎಳೆಯಿರಿ: ಎಷ್ಟು ಹೊತ್ತಿಗೆ ಪ್ರಶ್ನೆ ಬಂತು, ಏನು ಪ್ರಶ್ನೆ, ಯಾರು ತೀರ್ಮಾನ ಹೇಳಿದರು, ಎಷ್ಟು ಹೊತ್ತಿಗೆ. ಯಾರ ತಪ್ಪು ಎಂಬ ಕಾಲಂ ಬೇಡ. ಅದಿದ್ದರೆ ಮೂರನೇ ದಿನಕ್ಕೆ ಪುಸ್ತಕ ಖಾಲಿ ಉಳಿಯುತ್ತದೆ. ಎರಡು ವಾರದ ಮೇಲೆ ಎಲ್ಲ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ: ಮಷೀನ್ ಹತ್ತಿರ ಇರುವವರಿಗೇ ಉತ್ತರ ಗೊತ್ತಿದ್ದದ್ದು, ಹಣ ಖರ್ಚಾಗುವಂಥದ್ದು, ಗ್ರಾಹಕರಿಗೆ ಹೇಳಿಯೇ ಮಾಡಬೇಕಾದದ್ದು. ಮೊದಲ ಗುಂಪೇ ದೊಡ್ಡದಿದ್ದರೆ ನಿಮ್ಮಲ್ಲಿ ಜನ ಕಡಿಮೆ ಇಲ್ಲ, ಅಧಿಕಾರ ತಪ್ಪು ಜಾಗದಲ್ಲಿ ಕೂತಿದೆ. ಹೊಸ ಮ್ಯಾನೇಜರ್ ತಂದರೆ ಈ ರೋಗ ವಾಸಿಯಾಗುವುದಿಲ್ಲ. ಕೇಳಬೇಕಾದವರ ಸಾಲಿಗೆ ಇನ್ನೊಬ್ಬರು ಸೇರುತ್ತಾರೆ ಅಷ್ಟೆ.

ಎಲ್ಲವೂ ಮಾಲೀಕರ ಕೈಯಲ್ಲಿ

ಹದಿನೈದು ಜನರ ಒಳಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಮಾಲೀಕರೇ ಕೊಟೇಶನ್ ಹಾಕುತ್ತಾರೆ, ಮೆಟೀರಿಯಲ್ ತರಿಸುತ್ತಾರೆ, ಮಷೀನ್ ಪಕ್ಕ ನಿಂತು ಮೊದಲ ಪೀಸು ಅಳೆಯುತ್ತಾರೆ. ಮೇಲ್ಖರ್ಚು ಸೊನ್ನೆ. ಹಗಲಿನಲ್ಲಿ ತೀರ್ಮಾನಕ್ಕೆ ಐದು ನಿಮಿಷ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಅಡ್ವಾನ್ಸ್ ಬೇಕು ಎಂಬುದೂ ಗೊತ್ತಿರುತ್ತದೆ, ಆ ನಂಟಿನ ಬೆಲೆ ದೊಡ್ಡದು.

ಇಲ್ಲಿ ನಮ್ಮ ಶಾಫ್ಟ್ ಏನಾಗುತ್ತದೆ? ರಾತ್ರಿ 11ಕ್ಕೆ ಆಪರೇಟರ್ ಮಾಲೀಕರಿಗೆ ಫೋನ್ ಮಾಡಬೇಕು. ಕೆಲವರು ಮಾಡುತ್ತಾರೆ. ಹಿಂದಿನ ಸಲ ನಿದ್ದೆಗೆಡಿಸಿದ್ದಕ್ಕೆ ಬೈಸಿಕೊಂಡವನು ಮಾಡುವುದಿಲ್ಲ. ಬೆಳಗಾಗುವ ಹೊತ್ತಿಗೆ 60 ಪೀಸು ಓವರ್‌ಸೈಜ್. ಶಾಫ್ಟ್ ಆದ್ದರಿಂದ ಇನ್ನೊಂದು ಕಟ್ ತೆಗೆದು ರೀವರ್ಕ್ ಮಾಡಬಹುದು, ಹೊತ್ತು ಮಾತ್ರ ದಂಡ. ಅದೇ ಬೋರ್ (ಒಳಗಿನ ತೂತು) ಆಗಿದ್ದು ಅಳತೆ ಮೀರಿ ದೊಡ್ಡದಾಗಿದ್ದರೆ ನೇರ ಸ್ಕ್ರ್ಯಾಪ್.

ಈ ವ್ಯವಸ್ಥೆ ಕೆಡುವುದಕ್ಕೆ ಮೂರು ಲಕ್ಷಣ. ಮಾಲೀಕರು ಊರಿಗೆ ಹೋದ ವಾರ ಡಿಸ್ಪ್ಯಾಚ್ ಅರ್ಧಕ್ಕೆ ಇಳಿಯುತ್ತದೆ. ಎರಡನೇ ಪಾಳಿಯ ರಿಜೆಕ್ಷನ್ ಮೊದಲನೆಯದಕ್ಕಿಂತ ಯಾವಾಗಲೂ ಹೆಚ್ಚಿರುತ್ತದೆ. ಚೆನ್ನಾಗಿ ಕಲಿತ ಸೆಟ್ಟರ್ ಎರಡು ವರ್ಷಕ್ಕೆ ಬಿಟ್ಟುಹೋಗುತ್ತಾನೆ, ಏಕೆಂದರೆ ಅವನ ಮೇಲಿನ ಮೆಟ್ಟಿಲು ಮಾಲೀಕರ ಕುರ್ಚಿಯೇ. ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ತೊಡಕುಂಟು: ಮಗ, ಭಾಮೈದ, ಅಣ್ಣನ ಮಗ ಕಾರ್ಖಾನೆಯೊಳಗೆ ಓಡಾಡುತ್ತಾರೆ, ಯಾವ ಹುದ್ದೆ ಎಂದು ಯಾರಿಗೂ ಗೊತ್ತಿಲ್ಲ, ಆದರೆ ಅವರ ಮಾತು ತೆಗೆದುಹಾಕುವಂತಿಲ್ಲ. ಸೂಪರ್‌ವೈಸರ್ ಒಂದು ಹೇಳಿ, ಮಾಲೀಕರ ಮಗ ಇನ್ನೊಂದು ಹೇಳಿದರೆ ಕೆಲಸಗಾರ ಏನು ಮಾಡಬೇಕು? ಕುಟುಂಬದವರು ಇರುವುದು ತಪ್ಪಲ್ಲ, ಅದು ಎಷ್ಟೋ ಉದ್ಯಮಗಳ ಬೆನ್ನೆಲುಬು. ಆದರೆ ಅವರಿಗೂ ಒಂದು ಹುದ್ದೆ, ಒಂದು ಗಡಿ, ಮೇಲೊಬ್ಬರು ಇರಬೇಕು, ಮತ್ತು ಅದು ಗೋಡೆಯ ಮೇಲಿನ ಚಾರ್ಟ್‌ನಲ್ಲಿ ಕಾಣಬೇಕು.

ವಿಭಾಗವಾರು ರಚನೆ

ಪ್ರೊಡಕ್ಷನ್, ಕ್ವಾಲಿಟಿ, ಪರ್ಚೇಸ್ ಮತ್ತು ಸ್ಟೋರ್ಸ್, ಅಕೌಂಟ್ಸ್. ಪ್ರತಿಯೊಂದಕ್ಕೂ ಒಬ್ಬ ಇನ್‌ಚಾರ್ಜ್. ಇಪ್ಪತ್ತೈದು ಜನ ದಾಟಿದ ಹೆಚ್ಚಿನ ಉದ್ಯಮಗಳು ಹೋಗುವುದು ಇಲ್ಲಿಗೇ, ಅದಕ್ಕೆ ಕಾರಣವೂ ಇದೆ. ಒಂದೇ ಬಗೆಯ ಕೆಲಸದವರು ಒಟ್ಟಿಗೆ ಇದ್ದರೆ ಕೌಶಲ ಬೇಗ ಆಳವಾಗುತ್ತದೆ. ಅಳೆಯುವ ಸಲಕರಣೆ ಒಂದು ಕಡೆ, ಅದರ ಕ್ಯಾಲಿಬ್ರೇಶನ್ (ಸಲಕರಣೆ ಸರಿಯಾಗಿ ಅಳೆಯುತ್ತಿದೆಯೇ ಎಂಬ ಪರೀಕ್ಷೆ) ದಾಖಲೆ ಒಂದು ಕಡೆ. ಆಡಿಟ್‌ಗೆ ಬರುವ ಗ್ರಾಹಕರಿಗೂ ಇದೇ ಇಷ್ಟ: ಪ್ರೊಡಕ್ಷನ್‌ನವರ ಒತ್ತಡಕ್ಕೆ ಸಿಗದ ಕ್ವಾಲಿಟಿ ವಿಭಾಗ ಇದೆಯೇ ಎಂದು ಅವರು ನೋಡಿಯೇ ನೋಡುತ್ತಾರೆ.

ಖರ್ಚು ಹೀಗೆ ಬರುತ್ತದೆ. ಅಕೌಂಟ್ಸ್ ಬಿಟ್ಟು ಉಳಿದ ಮೂರಕ್ಕೆ ತಿಂಗಳಿಗೆ ತಲಾ 30,000 ಎಂದು ಮೂವರು ಇನ್‌ಚಾರ್ಜ್ ಇಟ್ಟರೆ 90,000. ನಿಮ್ಮ ಊರಿನ ಸಂಬಳಕ್ಕೆ ಈ ಅಂಕಿ ಬದಲಿಸಿಕೊಳ್ಳಿ. ಮೇಲೆ ಹೇಳಿದ 50,000ದ ನಷ್ಟವೊಂದನ್ನೇ ಉಳಿಸಲು 90,000 ಸುರಿಯುವುದು ಲಾಭವಲ್ಲ. ರಿಜೆಕ್ಷನ್ ಇಳಿಕೆ, ಸ್ಟೋರ್ಸ್‌ನಲ್ಲಿ ಕಟ್ಟಿಬಿದ್ದ ಮಾಲಿನಿಂದ ಬಿಡುಗಡೆಯಾಗುವ ಹಣ, ಮಾಲೀಕರಿಗೆ ಹೊಸ ಗ್ರಾಹಕರನ್ನು ಹುಡುಕಲು ಸಿಗುವ ಹೊತ್ತು, ಇವೆಲ್ಲ ಸೇರಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ.

ಶಾಫ್ಟ್‌ನ ವಿಷಯಕ್ಕೆ ಬಂದರೆ, ಇಲ್ಲಿ ಆಪರೇಟರ್ ಕ್ವಾಲಿಟಿಯವರನ್ನು ಕರೆಯಬೇಕು. ರಾತ್ರಿ ಪಾಳಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಇದ್ದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಇಲ್ಲದಿದ್ದರೆ “ಅಳೆಯೋದು ಅವರ ಕೆಲಸ, ಓಡಿಸೋದು ನಂದು” ಎಂಬ ಮಾತು ಹುಟ್ಟುತ್ತದೆ. ವಿಭಾಗವಾರು ರಚನೆಯ ಮೂಲ ರೋಗ ಇದೇ. ಪ್ರೊಡಕ್ಷನ್‌ಗೆ ದಿನದ ಸಂಖ್ಯೆ ಮುಖ್ಯ, ಕ್ವಾಲಿಟಿಗೆ ರಿಜೆಕ್ಷನ್ ಶೇಕಡಾ ಮುಖ್ಯ, ಪರ್ಚೇಸ್‌ಗೆ ಅಗ್ಗದ ಇನ್ಸರ್ಟ್ ಮುಖ್ಯ. ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಗೆಲ್ಲುತ್ತಾರೆ, ಗ್ರಾಹಕರಿಗೆ ಮಾಲು ಮಾತ್ರ ತಡವಾಗಿ ಹೋಗುತ್ತದೆ. ಮದ್ದು ಕಷ್ಟದ್ದಲ್ಲ: ಮೂರೂ ವಿಭಾಗಕ್ಕೆ ಒಂದೇ ಹಂಚಿಕೆಯ ಗುರಿ ಕೊಡಿ, ‘ಹೇಳಿದ ದಿನಕ್ಕೆ ಹೋದ ಒಳ್ಳೆಯ ಪೀಸುಗಳು’ ಎಂದು. ಬೋನಸ್‌ನ ಅರ್ಧ ಭಾಗ ಅದಕ್ಕೇ ಕಟ್ಟಿ. ಬೆಳಿಗ್ಗೆ ಬೋರ್ಡ್ ಮುಂದೆ ನಿಂತುಕೊಂಡೇ ಹತ್ತು ನಿಮಿಷ ಮಾತಾಡಿ. ಕೂತರೆ ಅದು ನಲವತ್ತು ನಿಮಿಷಕ್ಕೆ ಬೆಳೆಯುತ್ತದೆ.

ಸೆಲ್ ಅಥವಾ ತಂಡವಾರು ರಚನೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 30ರಿಂದ 100 ಜನರ ನಡುವಿನ ಉದ್ಯಮಗಳಿಗೆ ಇದರಿಂದ ಬಹಳ ಉಪಯೋಗವಿದೆ, ಆದರೆ ಅರ್ಧಂಬರ್ಧ ಮಾಡಿ ಕೈಬಿಡುವವರೂ ಇಲ್ಲೇ ಹೆಚ್ಚು.

ಒಂದು ಗ್ರಾಹಕರಿಗೆ ಅಥವಾ ಒಂದು ಬಗೆಯ ಉತ್ಪನ್ನಕ್ಕೆ ಬೇಕಾದ ಮಷೀನ್, ಜನ, ಅಳತೆ ಸಲಕರಣೆ ಎಲ್ಲವನ್ನೂ ಒಂದು ಕಡೆ ಕೂಡಿಸುತ್ತೀರಿ. ನಲವತ್ತು ಜನರಲ್ಲಿ ನಾಲ್ಕು ಸೆಲ್, ಒಂದೊಂದರಲ್ಲಿ ಏಳೆಂಟು ಜನ, ಉಳಿದವರು ಸ್ಟೋರ್ಸ್, ಮೇಂಟೆನೆನ್ಸ್, ಕಚೇರಿ. ಸೆಲ್ ಲೀಡರ್ ಕೂಡ ಮಷೀನ್ ಮೇಲೆ ಕೆಲಸ ಮಾಡುವವನೇ. ಅವನಿಗೆ ತಿಂಗಳಿಗೆ 4,000 ಭತ್ಯೆ ಕೊಟ್ಟರೆ ನಾಲ್ವರಿಗೆ 16,000. ಕೇಳಲು ಅಗ್ಗ. ಆದರೆ ಕಾಣದ ಖರ್ಚು ಎರಡಿದೆ. ಮೈಕ್ರೋಮೀಟರ್, ಬೋರ್ ಗೇಜ್, ಗೋ-ನೋಗೋ ಗೇಜ್ (ಪೀಸು ಮಿತಿಯೊಳಗಿದೆಯೇ ಎಂದಷ್ಟೇ ಹೇಳುವ ಅಳತೆ ಸಾಧನ) ಇವನ್ನು ಸೆಲ್‌ಗೊಂದರಂತೆ ಕೊಳ್ಳಬೇಕು, ಕ್ಯಾಲಿಬ್ರೇಶನ್ನೂ ಅಷ್ಟೇ ಪಟ್ಟು. ಒಂದು ಸೆಲ್‌ಗೆ ಆರ್ಡರ್ ಕಡಿಮೆಯಾದಾಗ ಅಲ್ಲಿನ ಮಷೀನ್ ಸುಮ್ಮನೆ ನಿಲ್ಲುತ್ತದೆ, ಪಕ್ಕದ ಸೆಲ್‌ನಲ್ಲಿ ಓವರ್‌ಟೈಮ್ ನಡೆಯುತ್ತಿರುತ್ತದೆ.

ಶಾಫ್ಟ್ ಇಲ್ಲಿ ಸುಲಭವಾಗಿ ಬದುಕುತ್ತದೆ. ಆಪರೇಟರ್‌ಗೆ ಆಫ್‌ಸೆಟ್ ಬದಲಿಸುವ ಅಧಿಕಾರ ಬರಹದಲ್ಲಿದೆ: 15 ಮೈಕ್ರಾನ್‌ವರೆಗೆ ತಾನೇ, ಅದಕ್ಕಿಂತ ಹೆಚ್ಚಾದರೆ ಸೆಲ್ ಲೀಡರ್, ಒಂದೇ ಪಾಳಿಯಲ್ಲಿ ಮೂರು ಸಲ ಬದಲಿಸಬೇಕಾಗಿ ಬಂದರೆ ಮಷೀನ್ ನಿಲ್ಲಿಸಿ ಶಿಫ್ಟ್ ಇನ್‌ಚಾರ್ಜ್. ಅಳತೆ, ಹೊತ್ತು, ಬದಲಿಸಿದ ಅಂಕಿ ಜಾಬ್ ಕಾರ್ಡ್ ಹಿಂದೆ ಬರೆಯುತ್ತಾನೆ. ಹಿಂದಿನ ಸಲ ಸರಿ ಬಂದ ಪೀಸಿನಿಂದ ಈಚೆಗಿನದ್ದನ್ನೆಲ್ಲ ಬೇರೆ ಇಟ್ಟು ಒಂದೊಂದೇ ಅಳೆಯುತ್ತಾನೆ. ಹತ್ತು ಪೀಸಿಗೊಮ್ಮೆ ಅಳೆಯುವ ಪದ್ಧತಿ ಇದ್ದರೆ ಹುಡುಕಬೇಕಾದ್ದು ಹೆಚ್ಚೆಂದರೆ ಹತ್ತೇ ಪೀಸು.

ಹಣದ ತೀರ್ಮಾನಕ್ಕೂ ಇದೇ ರೀತಿ ಗಡಿ ಹಾಕಿ: ಉದಾಹರಣೆಗೆ 1,000 ರೂಪಾಯಿವರೆಗಿನ ಟೂಲ್ ಸೆಲ್ ಲೀಡರ್ ಸಹಿಗೆ, 10,000ವರೆಗೆ ಇನ್‌ಚಾರ್ಜ್ ಸಹಿಗೆ, ಮೇಲಿನದ್ದು ನಿಮಗೆ. ಡ್ರಾಯಿಂಗ್‌ನಿಂದ ಸರಿದ ಯಾವ ಪೀಸನ್ನೂ ಗ್ರಾಹಕರ ಒಪ್ಪಿಗೆ ಇಲ್ಲದೆ ಕಳಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ, ನಿಮಗೂ ಇಲ್ಲ. ಈ ಕೊನೆಯ ಸಾಲು ಬರೆಯದೆ ಅಧಿಕಾರ ಹಂಚಿದವರು ದೊಡ್ಡ ಗ್ರಾಹಕರನ್ನು ಕಳೆದುಕೊಳ್ಳುತ್ತಾರೆ.

ಎಲ್ಲಿ ಕೆಡುತ್ತದೆ? ಚೆನ್ನಾಗಿ ಕೆಲಸ ಮಾಡುವವನನ್ನೇ ಲೀಡರ್ ಮಾಡಿ, ಕಲಿಸುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಡದಿದ್ದಾಗ. ಒಳ್ಳೆಯ ಸೆಟ್ಟರ್ ಒಬ್ಬ ಕಡಿಮೆಯಾಗುತ್ತಾನೆ, ಸಿಡುಕಿನ ಲೀಡರ್ ಒಬ್ಬ ಸಿಗುತ್ತಾನೆ. ಲೀಡರ್‌ಗೆ ತನ್ನ ಮಷೀನ್‌ನ ಟಾರ್ಗೆಟ್ ಪೂರ್ತಿ ಉಳಿಸಿ ಜೊತೆಗೆ ಏಳು ಜನರನ್ನೂ ನೋಡು ಎಂದಾಗಲೂ ಕೆಡುತ್ತದೆ; ಅವನ ಟಾರ್ಗೆಟ್ ಕನಿಷ್ಠ ಮೂರನೇ ಒಂದು ಭಾಗ ಇಳಿಸಲೇಬೇಕು. ಆರು ತಿಂಗಳ ಬಳಿಕ ಸೆಲ್‌ಗಳ ನಡುವೆ ಗೋಡೆ ಏಳುತ್ತದೆ, ಒಂದರಲ್ಲಿ ಕಂಡುಕೊಂಡ ಉಪಾಯ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಆರು ತಿಂಗಳಿಗೊಮ್ಮೆ ಪ್ರತಿ ಸೆಲ್‌ನಿಂದ ಇಬ್ಬರನ್ನು ಅದಲುಬದಲು ಮಾಡಿ, ಗೋಡೆಯ ಮೇಲೆ ಕೌಶಲದ ಪಟ್ಟಿ ಹಾಕಿ: ಎಡಕ್ಕೆ ಹೆಸರು, ಮೇಲೆ ಮಷೀನ್, ಪ್ರತಿ ಚೌಕದಲ್ಲಿ ‘ಕಲಿಯುತ್ತಿದ್ದಾರೆ, ಒಬ್ಬರೇ ಮಾಡುತ್ತಾರೆ, ಕಲಿಸಬಲ್ಲರು’ ಎಂಬ ಮೂರು ಗುರುತು. ಬಡ್ತಿ ಎಲ್ಲಿಂದ ಬರುತ್ತದೆ ಎಂದು ಆಗ ಹೆಲ್ಪರ್‌ಗೂ ಕಾಣುತ್ತದೆ.

ಇಬ್ಬರು ಬಾಸ್, ಅಥವಾ ಬಾಸೇ ಇಲ್ಲ

ಡಿಸೈನ್, ಸಾಫ್ಟ್‌ವೇರ್, ಕನ್ಸಲ್ಟೆನ್ಸಿ ಕೆಲಸದಲ್ಲಿ ಒಬ್ಬ ಎಂಜಿನಿಯರ್ ತನ್ನ ವಿಭಾಗದ ಮುಖ್ಯಸ್ಥರಿಗೂ ಪ್ರಾಜೆಕ್ಟ್ ಮ್ಯಾನೇಜರ್‌ಗೂ ಉತ್ತರ ಕೊಡಬೇಕಾಗುತ್ತದೆ. ಇದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅಪರೂಪದ ಕೌಶಲವನ್ನು ನಾಲ್ಕು ಪ್ರಾಜೆಕ್ಟ್‌ಗೆ ಹಂಚಿಕೊಳ್ಳಬಹುದು, ಅದು ಇದರ ದೊಡ್ಡ ಲಾಭ. ಮಷೀನ್ ಶಾಪ್‌ಗೆ ಇದು ಬೇಡ. ಬೇಕೇ ಬೇಕೆನ್ನುವವರು ಎರಡು ವಾಕ್ಯ ಬರೆದಿಡಿ: ದಿನದ ಆದ್ಯತೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಮಾತು ಕೊನೆ; ರಜೆ, ತರಬೇತಿ, ಸಂಬಳ ಏರಿಕೆಯಲ್ಲಿ ವಿಭಾಗದ ಮುಖ್ಯಸ್ಥರ ಮಾತು ಕೊನೆ. ಈ ಎರಡು ವಾಕ್ಯ ಇಲ್ಲದ ಕಡೆ ಒಬ್ಬ ಎಂಜಿನಿಯರ್‌ಗೆ ಶೇ. 60 ಒಂದು ಪ್ರಾಜೆಕ್ಟ್, ಶೇ. 40 ಇನ್ನೊಂದು ಎಂದು ಕಾಗದದಲ್ಲಿ ಬರೆದರೂ ಎರಡೂ ಕಡೆಯವರು ಪೂರ್ತಿ ದಿನವನ್ನೇ ಕೇಳುತ್ತಾರೆ.

ಮ್ಯಾನೇಜರ್‌ಗಳೇ ಬೇಡ ಎಂಬ ಪ್ರಯೋಗವನ್ನು ಅಮೆರಿಕದ ಪಾದರಕ್ಷೆ ಮಾರುವ ಜ್ಯಾಪೋಸ್ ಕಂಪನಿ ದೊಡ್ಡದಾಗಿ ಮಾಡಿತು. 2015ರಲ್ಲಿ ಈ ಪದ್ಧತಿ ಒಪ್ಪದವರು ಪರಿಹಾರ ತೆಗೆದುಕೊಂಡು ಹೋಗಬಹುದು ಎಂದಾಗ ಸುಮಾರು 1,500 ಜನರಲ್ಲಿ 200ಕ್ಕೂ ಹೆಚ್ಚು ಮಂದಿ ಹೊರಟರು. ಹುದ್ದೆ ತೆಗೆದರೂ ಅಧಿಕಾರ ಎಲ್ಲೋ ಒಂದು ಕಡೆ ಕೂತೇ ಇರುತ್ತದೆ. ಹೆಚ್ಚು ವರ್ಷ ಇದ್ದವರು, ಹೆಚ್ಚು ಮಾತಾಡುವವರು ಅದನ್ನು ಹಿಡಿದುಕೊಳ್ಳುತ್ತಾರೆ. ಎಂಟು ಹತ್ತು ಅನುಭವಿಗಳ ಸಣ್ಣ ಸಂಸ್ಥೆಗೆ ಇದು ಆದೀತು. ಹೊಸಬರು ಹೆಚ್ಚಿರುವ ಕಡೆ ಬೇಡ.

ಕೆಲಸಗಾರರೇ ಒಡೆಯರಾದರೆ

ಮೇಲಿನ ಎಲ್ಲವೂ ದಿನದ ತೀರ್ಮಾನ ಯಾರದು ಎಂಬ ಪ್ರಶ್ನೆಗೆ ಉತ್ತರ. ಲಾಭ ಯಾರದು, ಮುಖ್ಯಸ್ಥರನ್ನು ಆರಿಸುವವರು ಯಾರು ಎಂಬುದು ಬೇರೆ ಪ್ರಶ್ನೆ. ಸಹಕಾರ ಸಂಘ ಅದಕ್ಕೆ ಒಂದು ಗಟ್ಟಿ ಉತ್ತರ, ಮತ್ತು ಅದರ ಒಳ್ಳೆಯ ಮಾದರಿಗಳು ನಮ್ಮ ಕಣ್ಣೆದುರೇ ಇವೆ.

ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಕೆಲಸ ಕಳೆದುಕೊಂಡವರೇ ಸಂಘ ಕಟ್ಟಿದರು. ಮೊದಲನೆಯದು ಬೆಂಗಳೂರಿನಲ್ಲಿ, 1957ರಲ್ಲಿ. ಇಂದು ಚರ್ಚ್ ಸ್ಟ್ರೀಟ್‌ನಲ್ಲಿ ರುಮಾಲು ಕಟ್ಟಿ ಕಾಫಿ ತಂದುಕೊಡುವವರು ಆ ಪರಂಪರೆಯವರು. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರುಮಾಡಿದ ಲಿಜ್ಜತ್ ಪಾಪಡ್‌ನಲ್ಲೂ ಹಪ್ಪಳ ಲಟ್ಟಿಸುವವರೇ ಒಡೆಯರು. ಕೆಎಂಎಫ್ ರಚನೆ ಮೂರು ಹಂತದ್ದು: ಹಳ್ಳಿಯ ಹಾಲು ಉತ್ಪಾದಕರ ಸಂಘ, ಜಿಲ್ಲಾ ಮಟ್ಟದ ಒಕ್ಕೂಟ, ರಾಜ್ಯದ ಮಹಾಮಂಡಳ. ಅಲ್ಲಿ ಒಡೆಯರು ನೌಕರರಲ್ಲ, ಹಾಲು ಹಾಕುವ ರೈತರು. ಆದರೂ ಅದರಿಂದ ಕಲಿಯಬೇಕಾದ್ದು ಬಹಳ. ದಿನಕ್ಕೆರಡು ಸಲ ಹಾಲು ಅಳೆದು ಪರೀಕ್ಷಿಸುವ ಕೆಲಸ ಹಳ್ಳಿಯಲ್ಲೇ ಆಗುತ್ತದೆ, ಸಂಸ್ಕರಣೆ ಒಕ್ಕೂಟದಲ್ಲಿ, ನಂದಿನಿ ಎಂಬ ಹೆಸರನ್ನು ಕಾಯುವುದು ಮಹಾಮಂಡಳದಲ್ಲಿ. ಯಾವ ತೀರ್ಮಾನಕ್ಕೆ ಯಾವ ಮಾಹಿತಿ ಬೇಕೋ ಅದು ಹುಟ್ಟುವ ಜಾಗದಲ್ಲೇ ತೀರ್ಮಾನವೂ ಇದೆ.

ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯರಿಗೆ ಒಂದೇ ಮತ. ಕೆಟ್ಟ ಸುದ್ದಿ ಬೇಗ ಮೇಲೆ ಬರುತ್ತದೆ, ಏಕೆಂದರೆ ನಷ್ಟ ತಮ್ಮದೇ. ಜನ ಬಿಟ್ಟುಹೋಗುವುದು ಕಡಿಮೆ. ಎಡವುವುದು ಎರಡು ಕಡೆ: ಮಷೀನ್ ಕೊಳ್ಳಲು ದೊಡ್ಡ ಬಂಡವಾಳ ಬೇಕಾದಾಗ ಹೊರಗಿನ ಹೂಡಿಕೆದಾರರು ಬರುವುದಿಲ್ಲ, ಆಡಳಿತ ಮಂಡಳಿಯ ಚುನಾವಣೆಯ ಬಿಸಿ ಕೆಲಸದ ಜಾಗಕ್ಕೂ ಇಳಿಯುತ್ತದೆ. ಕೈಕೌಶಲವೇ ಬಂಡವಾಳವಾದ ನೇಯ್ಗೆ, ಹೊಲಿಗೆ, ಅಡುಗೆ, ಸೇವಾ ಕೆಲಸಗಳಿಗೆ ಇದು ಹೊಂದುತ್ತದೆ. ಲಕ್ಷಾಂತರ ರೂಪಾಯಿಯ ಮಷೀನ್ ಬೇಕಾದ ಕಡೆ ಲಾಭದಲ್ಲಿ ನೌಕರರಿಗೆ ಗೊತ್ತಾದ ಪಾಲು ಕೊಡುವ ಸಾಧಾರಣ ಕಂಪನಿಯೇ ಸುಲಭ.

ಅದೇ ಜನ, ಬೇರೆ ಕಾರ್ಖಾನೆ

ರಚನೆ ಬದಲಾದರೆ ಜನರ ನಡವಳಿಕೆ ಬದಲಾಗುತ್ತದೆಯೇ ಎಂದು ಅನುಮಾನ ಇರುವವರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರು ಕಾರ್ಖಾನೆಯನ್ನು ನೋಡಬೇಕು. ಜನರಲ್ ಮೋಟರ್ಸ್ 1982ರಲ್ಲಿ ಅದನ್ನು ಮುಚ್ಚುವಾಗ ನೂರರಲ್ಲಿ ಸುಮಾರು ಇಪ್ಪತ್ತು ಮಂದಿ ಕೆಲಸಕ್ಕೇ ಬಾರದ ದಿನಗಳಿದ್ದವು, ಗುಣಮಟ್ಟಕ್ಕೆ ಕೆಟ್ಟ ಹೆಸರಿತ್ತು. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ತೆರೆದಾಗ ಒಳಗೆ ಬಂದವರಲ್ಲಿ ಬಹುಪಾಲು ಹಳೆಯ ಕೆಲಸಗಾರರೇ, ಯೂನಿಯನ್ ಕೂಡ ಅದೇ. ಬದಲಾಗಿದ್ದು ಇಷ್ಟು: ಹತ್ತಾರು ಬಗೆಯ ಹುದ್ದೆಗಳನ್ನು ಕೆಲವೇ ಕೆಲವಕ್ಕೆ ಇಳಿಸಿದರು, ಸಣ್ಣ ತಂಡಕ್ಕೊಬ್ಬ ಲೀಡರ್ ಇಟ್ಟರು, ತಪ್ಪು ಕಂಡ ಯಾವ ಕೆಲಸಗಾರರಾದರೂ ಹಗ್ಗ ಎಳೆದು ಸಹಾಯ ಕರೆಯಬಹುದು, ಬೇಕಾದರೆ ಲೈನ್ ನಿಲ್ಲಿಸಬಹುದು ಎಂದರು. ಗೈರುಹಾಜರಿ ಬೇಗನೆ ಒಂದಂಕಿಗೆ ಇಳಿಯಿತು, ಗುಣಮಟ್ಟ ಟೊಯೊಟಾದ ಜಪಾನಿನ ಕಾರ್ಖಾನೆಗಳಿಗೆ ಹತ್ತಿರ ಬಂತು.

ಆ ಹಗ್ಗದಲ್ಲಿ ವಿಶೇಷವೇನೂ ಇಲ್ಲ. ಎಳೆದ ಮೇಲೆ ಓಡಿಬಂದ ಲೀಡರ್ ಬೈಯದೆ ಸಹಾಯ ಮಾಡಿದ್ದೇ ವಿಶೇಷ. ನಿಮ್ಮ ಶಾಪ್‌ನಲ್ಲಿ ಇದಕ್ಕೆ ಸಮನಾದದ್ದು ಕೆಂಪು ಬಿನ್. ಕೆಟ್ಟ ಪೀಸು ಹಾಕುವ ಕೆಂಪು ಬಣ್ಣದ ಡಬ್ಬಿ ಯಾವಾಗಲೂ ಖಾಲಿ ಇದ್ದರೆ ಸಂತೋಷಪಡಬೇಡಿ. ಪೀಸುಗಳು ಬೆಂಚ್ ಕೆಳಗೆ, ಕತ್ತರಿಸಿದ ಲೋಹದ ಚೂರುಗಳ ರಾಶಿಯಲ್ಲಿ, ಇಲ್ಲವೇ ಒಳ್ಳೆಯ ಪೀಸುಗಳ ಟ್ರೇಯ ತಳದಲ್ಲಿ ಇರುತ್ತವೆ. ಬಿನ್ ಮುಂದೆ ನಿಂತಾಗ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ಎಲ್ಲವನ್ನೂ ನಿರ್ಧರಿಸುತ್ತದೆ. “ಯಾರು ಮಾಡಿದ್ದು?” ಎಂದರೆ ನಾಳೆಯಿಂದ ಬಿನ್ ಖಾಲಿ. “ಎಷ್ಟನೇ ಪೀಸಿನಿಂದ ಹೀಗಾಗಿದೆ?” ಎಂದರೆ ಎಣಿಸಲು ತೊಡಗುತ್ತಾರೆ, ಕೆಟ್ಟ ಮಾಲು ಗ್ರಾಹಕರ ಮನೆ ಸೇರುವುದು ತಪ್ಪುತ್ತದೆ.

ಸಂಬಳದ ಪದ್ಧತಿಯೂ ಮಾತಾಡುತ್ತದೆ. ಪೀಸಿಗಿಷ್ಟು ಎಂದು ಕೊಡುವ ಕಡೆ, ಗುಣಮಟ್ಟಕ್ಕಾಗಿ ಮಷೀನ್ ನಿಲ್ಲಿಸಿದ ಹೊತ್ತಿಗೂ ಆತನ ಸರಾಸರಿ ದರದಲ್ಲಿ ಕೊಡಿ. ಕೊಡದಿದ್ದರೆ ನಿಲ್ಲಿಸಿದವನಿಗೇ ದಂಡ ಹಾಕಿದ ಹಾಗೆ, ಗೋಡೆಯ ಮೇಲೆ ‘ಗುಣಮಟ್ಟವೇ ಮೊದಲು’ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಪ್ರಯೋಜನವಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಇಲ್ಲಿ ಏಕವಚನ ಬಹುವಚನದಲ್ಲೇ ಅರ್ಧ ಸಂಸ್ಕೃತಿ ಇದೆ. ಇಪ್ಪತ್ತೆರಡರ ಎಂಜಿನಿಯರ್ ಐವತ್ತರ ಫಿಟ್ಟರ್‌ಗೆ “ಏಯ್, ಬಾರೋ ಇಲ್ಲಿ” ಎಂದರೆ, ಆ ಫಿಟ್ಟರ್‌ಗೆ ಗೊತ್ತಿರುವ ಮೂವತ್ತು ವರ್ಷದ ಅನುಭವ ಆ ಎಂಜಿನಿಯರ್‌ಗೆ ಎಂದೂ ಸಿಗುವುದಿಲ್ಲ. ಸಲುಗೆಯ ‘ನೀನು’ ಬೇರೆ, ಹುದ್ದೆಯ ‘ನೀನು’ ಬೇರೆ. ಕೇಳಿಸಿಕೊಂಡವರಿಗೆ ಆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಕೆಲಸದ ಹೊತ್ತಿನಲ್ಲಿ ಎಲ್ಲರಿಗೂ ‘ನೀವು’ ಎಂದು ಒಂದೇ ನಿಯಮ ಮಾಡಿ, ಹೆಸರಿನ ಜೊತೆ ಅಣ್ಣ, ಅಕ್ಕ, ಅವರೇ ಎನ್ನುವುದು ಅವರವರ ರೂಢಿಗೆ ಬಿಡಿ. ಒಡಿಶಾ, ಬಿಹಾರದಿಂದ ಬಂದವರು ಇದ್ದರೆ ಅಧಿಕಾರದ ಗಡಿಗಳ ಪಟ್ಟಿಯನ್ನು ಅವರ ಭಾಷೆಯಲ್ಲೂ ಹಾಕಿ. ಓದಲಾಗದ ಅಧಿಕಾರವನ್ನು ಯಾರೂ ಬಳಸುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

15 ಜನರ ಒಳಗಿದ್ದರೆ ಇದ್ದದ್ದನ್ನೇ ಮುಂದುವರಿಸಿ, ಆದರೆ ಪ್ರತಿ ಪಾಳಿಗೂ ಒಬ್ಬರಿಗೆ ‘ನಾನಿಲ್ಲದಾಗ ಇವರ ಮಾತು ನನ್ನ ಮಾತು’ ಎಂದು ಎಲ್ಲರೆದುರು ಹೇಳಿ. ಇದಕ್ಕೆ ತಿಂಗಳ ಒಂದು ಭತ್ಯೆ ಬಿಟ್ಟರೆ ಖರ್ಚಿಲ್ಲ.

20ರಿಂದ 40 ಜನ, ಕೈಯಲ್ಲಿ ಹಣ ಬಿಗಿ: ಒಬ್ಬ ಕ್ವಾಲಿಟಿ ಇನ್‌ಚಾರ್ಜ್‌ನನ್ನು ಮಾತ್ರ ಹೊಸದಾಗಿ ತನ್ನಿ, ಉಳಿದದ್ದಕ್ಕೆ ಒಳಗಿನವರನ್ನೇ ಲೀಡರ್ ಮಾಡಿ. ದಿನಕ್ಕೊಂದು ಬಗೆಯ ಬಿಡಿ ಆರ್ಡರ್ ಬರುವ ಜಾಬ್ ವರ್ಕ್ ಶಾಪ್ ನಿಮ್ಮದಾದರೆ ಸೆಲ್ ಮಾಡಬೇಡಿ, ಮಷೀನ್‌ಗಳು ಖಾಲಿ ನಿಲ್ಲುತ್ತವೆ. ವಿಭಾಗವಾರು ರಚನೆ ಮತ್ತು ಬೆಳಗಿನ ಹತ್ತು ನಿಮಿಷ ಸಾಕು. ಮೂರು ನಾಲ್ಕು ಗ್ರಾಹಕರಿಂದ ಒಂದೇ ಬಗೆಯ ಕೆಲಸ ವರ್ಷಪೂರ್ತಿ ಬರುತ್ತಿದ್ದರೆ ಸೆಲ್ ಮಾಡಿ. 60 ದಾಟಿದವರು ಎರಡನ್ನೂ ಬೆರೆಸಬೇಕಾಗುತ್ತದೆ: ಉತ್ಪಾದನೆ ಸೆಲ್‌ಗಳಲ್ಲಿ, ಕ್ವಾಲಿಟಿ ಮುಖ್ಯಸ್ಥರು ಮತ್ತು ಪರ್ಚೇಸ್ ಪ್ರತ್ಯೇಕ. ಕ್ವಾಲಿಟಿಯವರನ್ನು ಮಾತ್ರ ಯಾವ ಗಾತ್ರದಲ್ಲೂ ಪ್ರೊಡಕ್ಷನ್ ಮುಖ್ಯಸ್ಥರ ಕೆಳಗೆ ಇಡಬೇಡಿ.

ಒಬ್ಬರ ಕೆಳಗೆ ಎಷ್ಟು ಜನ? ಕಲಿಯುವವರು ಹೆಚ್ಚಿದ್ದರೆ ಐದರಿಂದ ಏಳು. ಪಳಗಿದವರು, ಒಂದೇ ಬಗೆಯ ಕೆಲಸ ಎಂದಾದರೆ ಹನ್ನೆರಡರವರೆಗೆ ಏರಿಸಬಹುದು.

ಎಣಿಕೆ ಏರಿದ ಹಾಗೆ ಕಾನೂನೂ ಕೆಲವು ರಚನೆಗಳನ್ನು ಕೇಳುತ್ತದೆ. 10 ಅಥವಾ ಹೆಚ್ಚು ಜನರಿದ್ದರೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಕಡ್ಡಾಯ: ಅಧ್ಯಕ್ಷತೆ ಹಿರಿಯ ಮಹಿಳಾ ನೌಕರರದ್ದು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬರು ಇರಲೇಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಬೇಕು. ಇವನ್ನು ಇನ್‌ಸ್ಪೆಕ್ಟರ್‌ಗೆ ತೋರಿಸುವ ಫೈಲ್ ಎಂದು ಭಾವಿಸಬೇಡಿ. ಸೂಪರ್‌ವೈಸರ್ ಬಗ್ಗೆಯೇ ದೂರಿದ್ದಾಗ ಕಾರ್ಖಾನೆಯೊಳಗೆ ಕೆಲಸಗಾರರಿಗೆ ಉಳಿಯುವ ದಾರಿ ಇದೇ. ಸದಸ್ಯರ ಹೆಸರನ್ನು ಊಟದ ಜಾಗದಲ್ಲಿ ಹಾಕಿ.

ಬದಲಾವಣೆಯನ್ನು ಒಂದೇ ಸೋಮವಾರ ಎಲ್ಲ ಕಡೆ ಜಾರಿ ಮಾಡಬೇಡಿ. ಒಂದು ಸೆಲ್ ಅಥವಾ ಒಂದು ಪಾಳಿ ಆರಿಸಿ, 90 ದಿನ ಕೊಡಿ. ಮೊದಲ ಎರಡು ವಾರ ಉತ್ಪಾದನೆ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಹೆದರಿ ಹಳೆಯದಕ್ಕೆ ಓಡಬೇಡಿ. ನಾಲ್ಕನೇ ವಾರದ ಹೊತ್ತಿಗೆ ನಿಜವಾದ ಪರೀಕ್ಷೆ ಬರುತ್ತದೆ: ಲೀಡರ್ ತೆಗೆದುಕೊಂಡ ಒಂದು ತೀರ್ಮಾನ ನಿಮಗೆ ಹಿಡಿಸುವುದಿಲ್ಲ, ಆದರೆ ಅವನ ಗಡಿಯೊಳಗೇ ಇದೆ. ಎಲ್ಲರೆದುರು ಅದನ್ನು ತಿರುಗಿಸಿದರೆ ಚಾರ್ಟ್ ಅಂದೇ ಸತ್ತಿತು. ಸುಮ್ಮನಿದ್ದು, ಸಂಜೆ ಅವನೊಬ್ಬನನ್ನೇ ಕರೆದು ಯಾಕೆ ಹಾಗೆ ಮಾಡಿದೆ ಎಂದು ಕೇಳಿ, ಗಡಿ ಬದಲಿಸಬೇಕಿದ್ದರೆ ಮರುದಿನ ಬರಹದಲ್ಲಿ ಬದಲಿಸಿ. 90ನೇ ದಿನ ಮತ್ತೆ ಎರಡು ವಾರ ಅದೇ ನಾಲ್ಕು ಗೆರೆಯ ನೋಟ್‌ಬುಕ್ ಕೊಟ್ಟು, ಹಳೆಯ ಪುಸ್ತಕದ ಪಕ್ಕ ಇಟ್ಟು ಕಾಯುವ ನಿಮಿಷಗಳನ್ನು ಹೋಲಿಸಿ. ಅರ್ಧಕ್ಕಾದರೂ ಇಳಿದಿದ್ದರೆ ಎರಡನೇ ಸೆಲ್‌ಗೆ ಕೈಹಾಕಿ. ಇಳಿಯದಿದ್ದರೆ ‘ಯಾರು ತೀರ್ಮಾನ ಹೇಳಿದರು’ ಎಂಬ ಮೂರನೇ ಕಾಲಂ ನೋಡಿ. ಅಲ್ಲಿ ಇನ್ನೂ ನಿಮ್ಮ ಹೆಸರೇ ತುಂಬಿದ್ದರೆ, ಯಾವ ಯಾವ ಪ್ರಶ್ನೆಗೆ ಎಂದು ಗುರುತು ಹಾಕಿ, ಅವುಗಳ ಗಡಿಯನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿ.